ಹಳೆಯ ಪಿಕಪ್ ಗಾಡಿಯ ಮುಂಭಾಗದ ಸವೆದ ಅಂಗಗಳು: ಅವುಗಳ ಪರೀಕ್ಷೆಯೂ ಬದಲಾವಣೆಯೂ

ಫಸಲನ್ನು ಬೆಳೆಯುವುದು ಅರ್ಧ ಕೆಲಸವಾದರೆ ಅದನ್ನು ಕೆಡದಂತೆ ಮಾರುಕಟ್ಟೆಗೆ ಮುಟ್ಟಿಸುವುದು ಉಳಿದರ್ಧ ಕೆಲಸವು. ಟೊಮ್ಯಾಟೊ, ಹೂವು, ಸೊಪ್ಪು, ಹಾಲು ಮೊದಲಾದವು ಎತ್ತಿನ ಗಾಡಿಯ ನಡಿಗೆಗೆ ಕಾದಿರತಕ್ಕ ಪದಾರ್ಥಗಳಲ್ಲ. ಆದುದರಿಂದ ಕೋಲಾರದ ಕಡೆಯ ತರಕಾರಿ ಬೆಳೆಗಾರರಿಂದ ಹಿಡಿದು ಮಲೆನಾಡಿನ ಅಡಿಕೆ ತೋಟದವರ ವರೆಗೆ, ಸ್ವಲ್ಪ ಅನುಕೂಲವುಳ್ಳ ಹಿಡುವಳಿದಾರರ ಮನೆಯ ಮುಂದೆ ಒಂದು ಪಿಕಪ್ ಗಾಡಿಯು ನಿಂತಿರುವುದು ಈಗ ಸಾಮಾನ್ಯವಾದ ನೋಟವಾಗಿದೆ. ಇವುಗಳಲ್ಲಿ ಅನೇಕವು ಎರಡನೆಯ ಅಥವಾ ಮೂರನೆಯ ಕೈಗೆ ಬಂದವು. ಹತ್ತು ಹನ್ನೆರಡು ವರ್ಷ ದುಡಿದವು. ಹಳೆಯ ಗಾಡಿಯನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಹೊಸದರ ಸಾಲಕ್ಕಿಂತ ಹಳೆಯದರ ರಿಪೇರಿಯು ಎಷ್ಟೋ ಮೇಲೆಂಬುದು ಬಲ್ಲವರ ಮಾತು. ಆದರೆ ಯಾವ ಅಂಗಕ್ಕೆ ಎಷ್ಟು ಗಮನವನ್ನು ಕೊಡಬೇಕೆಂಬ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ತಪ್ಪು ಎಣಿಕೆಯು ಬೇರೂರಿದೆ.

ಎಂಜಿನ್ನಿನ ಎಣ್ಣೆಯನ್ನು ಬದಲಾಯಿಸಲು ಯಾರೂ ಮರೆಯುವುದಿಲ್ಲ. ಹಿಂದಿನ ಕಮಾನುಗಳಿಗೆ ಒಂದೆರಡು ಪ್ಲೇಟು ಹೆಚ್ಚಾಗಿ ಹಾಕಿಸಲು ಯಾರೂ ಹಿಂಜರಿಯುವುದಿಲ್ಲ. "ಭಾರವೆಲ್ಲಾ ಹಿಂದೆ ಇರುವಾಗ ಮುಂಭಾಗಕ್ಕೆ ಏನಾಗಬೇಕು?" ಎಂಬುದು ಸಾಮಾನ್ಯವಾಗಿ ಕೇಳಿಬರುವ ವಾದ. ಗಾಡಿಯು ನಿಂತಿರುವಾಗ ಈ ಮಾತು ಬಹುಮಟ್ಟಿಗೆ ನಿಜವೇ. ಓಡುತ್ತಿರುವಾಗ ಹಾಗಲ್ಲ. ಬ್ರೇಕನ್ನು ಒತ್ತಿದೊಡನೆಯೇ ಭಾರವು ಮುಂದಕ್ಕೆ ವಾಲುವುದು. ಇಳಿಜಾರಿನಲ್ಲಿ ಇನ್ನೂ ಹೆಚ್ಚಾಗಿ ವಾಲುವುದು. ಶಿರಾಡಿ ಅಥವಾ ಆಗುಂಬೆಯ ಘಾಟಿಯನ್ನು ಇಳಿಯುವ ಗಾಡಿಯ ಮುಂಚಕ್ರಗಳು ಭಾರವನ್ನೂ ಹೊತ್ತು, ಬ್ರೇಕಿನ ಎಳೆತವನ್ನೂ ತಡೆದು, ತಿರುವಿನಲ್ಲಿ ದಾರಿಯನ್ನೂ ಹಿಡಿಯಬೇಕು. ಎಂಜಿನ್ನು ಕೆಟ್ಟರೆ ಗಾಡಿಯು ರಸ್ತೆಯ ಬದಿಯಲ್ಲಿ ನಿಲ್ಲುವುದು. ಆಗುವ ನಷ್ಟವು ಒಂದು ದಿನದ ಬಾಡಿಗೆ ಮತ್ತು ಸ್ವಲ್ಪ ಮಾಲು. ಮುಂಚಕ್ರವನ್ನು ಹಿಡಿದಿರುವ ಒಂದು ಕೀಲು ಓಡುತ್ತಿರುವಾಗಲೇ ಕಳಚಿಕೊಂಡರೆ ಚಕ್ರವು ಒಳಕ್ಕೆ ಮಡಿಸಿಕೊಂಡು, ಚಾಲಕನ ಕೈಯಲ್ಲಿ ಸ್ಟಿಯರಿಂಗ್ ಇದ್ದರೂ ಇಲ್ಲದಂತಾಗಿ, ಗಾಡಿಯು ಎತ್ತ ಹೋಗುವುದೋ ಹೇಳುವಂತಿಲ್ಲ.

ಮುಂಭಾಗದ ರಚನೆ

ಎತ್ತಿನ ಗಾಡಿಯಲ್ಲಿ ಅಚ್ಚು, ಗುಂಬ, ಕಡಾಣಿ ಎಂಬ ಮೂರನ್ನು ತಿಳಿದವರಿಗೆ ಮೋಟಾರು ಗಾಡಿಯ ಮುಂಭಾಗವು ಕಠಿಣವೇನೂ ಅಲ್ಲ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು, ಎಡ ಬಲ ಚಕ್ರಗಳ ನಡುವೆ ಒಂದೇ ಗಟ್ಟಿ ಅಚ್ಚು ಇದ್ದು, ಅದು ಎರಡು ಕಮಾನುಗಳ ಮೇಲೆ ಕೂತಿರುವ ಬಗೆ. ಮಹೀಂದ್ರ ಕಂಪನಿಯವರು 1947ರಿಂದ ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ ವಿಲ್ಲಿಸ್ ಜೀಪುಗಳಲ್ಲಿ ಹೀಗೆಯೇ ಇದ್ದಿತು. 2005ರಲ್ಲಿ ಹೊರಬಂದ ಟಾಟಾ ಏಸ್ ಎಂಬ ಸಣ್ಣ ಗಾಡಿಯಲ್ಲಿಯೂ ಮುಂದೆ ಗಟ್ಟಿ ಅಚ್ಚೂ ಕಮಾನುಗಳೂ ಇವೆ. ಎರಡನೆಯ ಬಗೆಯಲ್ಲಿ ಒಂದೇ ಅಚ್ಚು ಇರುವುದಿಲ್ಲ. ಪ್ರತಿಯೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುವುದು; ಇವಕ್ಕೆ ಅಪ್ಪರ್ ಆರ್ಮ್, ಲೋಯರ್ ಆರ್ಮ್ ಎಂದು ಹೆಸರು. ತೋಳಿನ ಒಳತುದಿಯು ರಬ್ಬರು ಬುಷ್‌ಗಳ ಮೂಲಕ ಚಾಸಿಗೆ ಸೇರಿದೆ. ಹೊರತುದಿಯು ಬಾಲ್ ಜಾಯಿಂಟ್ ಎಂಬ ಗುಂಡುಕೀಲಿನ ಮೂಲಕ ಚಕ್ರವನ್ನು ಹೊತ್ತಿರುವ ಸ್ಟಬ್ ಆಕ್ಸಲಿಗೆ ಸೇರಿದೆ. ಭಾರವನ್ನು ಹೊರುವುದಕ್ಕೆ ಸುರುಳಿ ಸ್ಪ್ರಿಂಗು, ಅಥವಾ ಚಾಸಿಯ ಉದ್ದಕ್ಕೂ ಮಲಗಿರುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳು ಇರುವುದು. ತೋಳು ಮೇಲೇರಿದಾಗ ಈ ಸರಳು ಹಗ್ಗದಂತೆ ಹುರಿಗೊಂಡು ಮತ್ತೆ ಬಿಚ್ಚಿಕೊಳ್ಳುವುದು. 2007ರ ಟಾಟಾ ಝೆನಾನ್ ಪಿಕಪ್ಪಿನಲ್ಲಿ ಇದ್ದುದು ಈ ಏರ್ಪಾಡೇ.

ಗುಂಡುಕೀಲು ಎಂದರೆ ಮನುಷ್ಯನ ತೋಳಿನ ಮೂಳೆಯು ಭುಜದ ಗುಣಿಯಲ್ಲಿ ಕೂತಿರುವ ಹಾಗೆ, ಒಂದು ಉಕ್ಕಿನ ಗುಂಡು ಒಂದು ಬಟ್ಟಲಿನಲ್ಲಿ ಕೂತು ಎಲ್ಲಾ ಕಡೆಗೂ ತಿರುಗುವ ಕೀಲು. ಅದರ ಮೇಲೆ ರಬ್ಬರಿನ ಬೂಟು ಇದ್ದು ಒಳಗಿನ ಗ್ರೀಸನ್ನು ಕಾಪಾಡುವುದು. ಬೂಟು ಹರಿಯಿತೆಂದರೆ ಕೀಲಿನ ಆಯುಸ್ಸು ಮುಗಿಯುತ್ತ ಬಂದಿತೆಂದು ತಿಳಿಯತಕ್ಕದ್ದು. ಮಳೆಗಾಲದ ಕೆಸರುನೀರೂ ಬೇಸಿಗೆಯ ಧೂಳೂ ಒಳಹೊಕ್ಕು ಗ್ರೀಸಿನೊಡನೆ ಬೆರೆತರೆ ಅದು ಸಾಣೆಹುಡಿಯಾಗಿ ಗುಂಡನ್ನೂ ಬಟ್ಟಲನ್ನೂ ತಿನ್ನುವುದು. ಹೊಲದ ಬದುಗಳನ್ನು ದಾಟಿ, ಕೆರೆಯ ಏರಿಯ ಮೇಲೆ ಓಡಾಡುವ ಗಾಡಿಗೆ ಇದು ಪಟ್ಟಣದ ಗಾಡಿಗಿಂತ ಬೇಗನೆ ಒದಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಸದ್ದನ್ನು ನಂಬಬಾರದು

ಮುಂಭಾಗವು ಸವೆದಾಗ ಮೊದಲು ತಿಳಿಸುವುದು ಕಿವಿಯೇ. ಆದರೆ ಕಿವಿಯ ಮಾತಿನ ಮೇಲೆ ಹಣವನ್ನು ಖರ್ಚು ಮಾಡತಕ್ಕದ್ದಲ್ಲ. ಚಾಸಿಯು ಒಂದು ದೊಡ್ಡ ಕಬ್ಬಿಣದ ಚೌಕಟ್ಟಾದುದರಿಂದ ಎಡಗಡೆ ಹುಟ್ಟಿದ ಸದ್ದು ಬಲಗಡೆ ಕೇಳಿಸುವುದುಂಟು. ಗುಂಡಿಯಲ್ಲಿ ಇಳಿದಾಗ ಬರುವ ಒಂಟಿ "ಟಕ್" ಶಬ್ದವು ಬಾಲ್ ಜಾಯಿಂಟಿನದಾಗಿರಬಹುದು, ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ರಬ್ಬರಿನದೂ ಆಗಿರಬಹುದು. ಬ್ರೇಕು ಹಿಡಿದಾಗ ಮಾತ್ರ ಬರುವ ಸದ್ದು ಲೋಯರ್ ಆರ್ಮಿನ ಬುಷ್‌ನ ಕಡೆಗೆ ಬೆರಳು ತೋರಿಸುವುದು, ಅದೂ ಖಂಡಿತವಲ್ಲ.

ಇದರಿಂದ ಆಗುವ ವ್ಯರ್ಥ ವೆಚ್ಚದ ದಾರಿಯು ಎಲ್ಲಾ ಊರುಗಳಲ್ಲಿಯೂ ಒಂದೇ ತೆರನಾಗಿರುವುದು. ಗಾಡಿಯು ಸದ್ದು ಮಾಡಿತೆಂದು ಮಾಲೀಕನು ಮೊದಲು ಎರಡು ಶಾಕ್ ಅಬ್ಸಾರ್ಬರುಗಳನ್ನು ಹಾಕಿಸುವನು. ಸದ್ದು ಒಂದು ವಾರ ತಗ್ಗಿದಂತೆ ತೋರಿ ಮತ್ತೆ ಬರುವುದು. ಅಷ್ಟರಲ್ಲಿ ಟೈರಿನ ಒಳ ಅಂಚು ಸವೆದಿರುವುದು ಕಣ್ಣಿಗೆ ಬಿದ್ದು, ಹೊಸ ಟೈರು ಹಾಕಿಸಿ ವೀಲ್ ಅಲೈನ್‌ಮೆಂಟ್ ಮಾಡಿಸುವನು. ಕೀಲೇ ಸಡಿಲವಾಗಿರುವಾಗ ಅಲೈನ್‌ಮೆಂಟ್ ಹೇಗೆ ನಿಲ್ಲುವುದು? ಯಂತ್ರದ ಮೇಲೆ ಸರಿಯಾಗಿ ಬಂದ ಅಳತೆಯು ಊರಿನ ಮೊದಲನೆಯ ಗುಂಡಿಯಲ್ಲಿಯೇ ಹೊರಟುಹೋಗುವುದು. ಹೊಸ ಟೈರೂ ಸವೆಯುವುದು. ಕೊನೆಗೆ ಬಾಲ್ ಜಾಯಿಂಟನ್ನು ಬದಲಾಯಿಸುವ ಹೊತ್ತಿಗೆ ಅದರ ಬೆಲೆಯ ಹಲವು ಪಟ್ಟು ಹಣವು ಬೇರೆ ಅಂಗಡಿಗಳನ್ನು ಸೇರಿರುವುದು. ಇಲ್ಲಿ ಮೇಸ್ತ್ರಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಪರೀಕ್ಷೆಗೆ ಅರ್ಧ ಗಂಟೆಯ ಕೂಲಿ ಕೊಡಲು ಒಪ್ಪದೆ "ಬೇಗ ಏನಾದರೂ ಹಾಕಿ ಕಳುಹಿಸಯ್ಯ" ಎಂದು ನಿಲ್ಲುವ ಮಾಲೀಕನ ಪಾಲೂ ಅದರಲ್ಲಿದೆ.

ಸದ್ದಿಗಿಂತ ಟೈರು ಹೆಚ್ಚು ನಂಬತಕ್ಕ ಸಾಕ್ಷಿ. ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಸವರಿ ನೋಡಬೇಕು. ಒಂದು ಕಡೆಗೆ ನುಣುಪಾಗಿದ್ದು, ಹಿಂದಕ್ಕೆ ತರುವಾಗ ಕೊಯ್ದ ರಾಗಿ ಹೊಲದ ಕೂಳೆಯಂತೆ ಅಂಗೈಗೆ ತಗುಲಿದರೆ ಚಕ್ರಗಳು ನೇರವಾಗಿ ಉರುಳದೆ ಅಡ್ಡಕ್ಕೆ ಉಜ್ಜುತ್ತಿವೆ ಎಂದರ್ಥ. ಒಂದೇ ಅಂಚು ಸವೆದಿದ್ದರೆ ಚಕ್ರವು ವಾಲಿದೆ; ಬುಷ್ ಅಥವಾ ಬಾಲ್ ಜಾಯಿಂಟು ಕುಸಿದಿರಬಹುದು, ತೋಳು ಬಾಗಿರಲೂಬಹುದು. ಅಲ್ಲಲ್ಲಿ ಬಟ್ಟಲಿನಂತೆ ಹೊಂಡಗಳು ಬಿದ್ದಿದ್ದರೆ ಶಾಕ್ ಅಬ್ಸಾರ್ಬರು ಸತ್ತಿದೆ ಅಥವಾ ಯಾವುದೋ ಕೀಲು ಸಡಿಲವಾಗಿ ಚಕ್ರವು ಕುಣಿಯುತ್ತಿದೆ. ಎರಡು ಅಂಚುಗಳೂ ಸಮನಾಗಿ ಸವೆದಿದ್ದರೆ ಅದು ಗಾಳಿ ಕಡಿಮೆಯಾದುದರ ಫಲ. ಅದಕ್ಕೆ ಈ ಲೇಖನದ ಅಗತ್ಯವಿಲ್ಲ.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಬೇಕಾದುದು ಗಟ್ಟಿಯಾದ ಸಮನೆಲ, ಒಂದು ಜ್ಯಾಕು, ಎರಡು ಗಟ್ಟಿ ಸ್ಟ್ಯಾಂಡುಗಳು, ಒಂದು ಹಾರೆ, ಮತ್ತು ಸಹಾಯಕ್ಕೆ ಇನ್ನೊಬ್ಬ ಆಳು. ಹಿಂಚಕ್ರಗಳಿಗೆ ಮುಂದೂ ಹಿಂದೂ ಅಡೆ ಕೊಡತಕ್ಕದ್ದು. ಜ್ಯಾಕಿನ ಕೆಳಗೆ ದಪ್ಪ ಹಲಗೆಯನ್ನಿಡತಕ್ಕದ್ದು. ಸಿಮೆಂಟಿನ ಟೊಳ್ಳು ಇಟ್ಟಿಗೆಯನ್ನು ಗಾಡಿಯ ಕೆಳಗೆ ಆನಿಸುವ ಅಭ್ಯಾಸವನ್ನು ಒಡನೆಯೇ ಬಿಡಬೇಕು. ಅದು ಯಾವ ಮುನ್ಸೂಚನೆಯನ್ನೂ ಕೊಡದೆ ಒಮ್ಮೆಗೇ ಪುಡಿಯಾಗುವುದು. ಜ್ಯಾಕನ್ನು ಮಾತ್ರ ನಂಬಿ ಗಾಡಿಯ ಕೆಳಗೆ ನುಸುಳುವುದೂ ಅಷ್ಟೇ ಅಪಾಯ.

ಈಗ ಬರುವುದು ಅನೇಕ ಮೇಸ್ತ್ರಿಗಳೂ ತಪ್ಪುವ ಜಾಗ. ಗಾಡಿಯನ್ನು ಚಾಸಿಯ ಕೆಳಗೆ ಜ್ಯಾಕ್ ಕೊಟ್ಟು ಎತ್ತಿ, ಚಕ್ರವನ್ನು ಅಲ್ಲಾಡಿಸಿ, "ಜಾಯಿಂಟು ಚೆನ್ನಾಗಿದೆ" ಎಂದು ಹೇಳುವುದು ಸಾಮಾನ್ಯ. ಸ್ಪ್ರಿಂಗು ಅಥವಾ ಟಾರ್ಷನ್ ಬಾರು ಲೋಯರ್ ಆರ್ಮಿನ ಮೇಲೆ ಕೆಲಸ ಮಾಡುವ ಗಾಡಿಯಲ್ಲಿ ಹೀಗೆ ಎತ್ತಿದರೆ, ಸ್ಪ್ರಿಂಗಿನ ಬಲವು ತೋಳನ್ನು ಕೆಳಕ್ಕೆ ಒತ್ತಿ ಹಿಡಿದು, ಸವೆದ ಕೀಲನ್ನೂ ಬಿಗಿಯಾಗಿರುವಂತೆ ತೋರಿಸುವುದು. ಸತ್ಯವು ಹೊರಬೀಳಬೇಕಾದರೆ ಜ್ಯಾಕನ್ನು ಲೋಯರ್ ಆರ್ಮಿನ ಕೆಳಗೆ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರದಲ್ಲಿ ಕೊಟ್ಟು, ಚಕ್ರವು ನೆಲವನ್ನು ಬಿಟ್ಟು ಎರಡು ಅಂಗುಲ ಏಳುವಷ್ಟು ಎತ್ತತಕ್ಕದ್ದು. ಆಗ ಸ್ಪ್ರಿಂಗಿನ ಭಾರವನ್ನು ಜ್ಯಾಕು ಹೊರುವುದು, ಕೀಲು ಬಿಡುವಾಗುವುದು. ತರುವಾಯ ಟೈರಿನ ಕೆಳಗೆ ಹಾರೆಯನ್ನು ತೂರಿ ಚಕ್ರವನ್ನು ಮೆಲ್ಲಗೆ ಮೇಲೆತ್ತಿ ಬಿಡಬೇಕು. ಇನ್ನೊಬ್ಬನು ಕೀಲಿನ ಮೇಲೆಯೇ ಕಣ್ಣಿಟ್ಟು, ಬೆರಳನ್ನು ಸಂದಿನ ಮೇಲಿಟ್ಟುಕೊಂಡಿರಬೇಕು. ಗುಂಡು ಬಟ್ಟಲಿನಲ್ಲಿ ಮೇಲೆ ಕೆಳಗೆ ಆಡುವುದು ಕಣ್ಣಿಗೆ ಕಂಡರೆ ಅಥವಾ ಬೆರಳಿಗೆ ತಗುಲಿದರೆ ಆ ಕೀಲನ್ನು ಸಂಶಯಿಸತಕ್ಕದ್ದು. ಎಷ್ಟು ಆಟವನ್ನು ಸಹಿಸಬಹುದೆಂಬುದು ಆಯಾ ಗಾಡಿಯ ಕೈಪಿಡಿಯಲ್ಲಿರುವುದು. ಕೆಲವು ಕೀಲುಗಳಲ್ಲಿ ಆಟವೇ ಇರಕೂಡದು.

ಅದೇ ಸ್ಥಿತಿಯಲ್ಲಿ ಚಕ್ರವನ್ನು ಮೇಲ್ಗಡೆ ಒಂದು ಕೈ, ಕೆಳಗಡೆ ಒಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಬೇಕು. ಅಲುಗಾಟವಿದ್ದರೆ ದೋಷವು ಚಕ್ರದ ಬೇರಿಂಗಿನದೋ ಕೀಲಿನದೋ ಎಂಬ ಪ್ರಶ್ನೆ ಬರುವುದು. ಇದಕ್ಕೆ ಸುಲಭವಾದ ಉಪಾಯವಿದೆ. ಒಬ್ಬನನ್ನು ಒಳಗೆ ಕೂರಿಸಿ ಬ್ರೇಕನ್ನು ಬಲವಾಗಿ ಒತ್ತಿಸಿ ಮತ್ತೆ ಅಲ್ಲಾಡಿಸಬೇಕು. ಅಲುಗಾಟವು ನಿಂತರೆ ಬೇರಿಂಗು ಸಡಿಲವಾಗಿದೆ. ನಿಲ್ಲದಿದ್ದರೆ ಬಾಲ್ ಜಾಯಿಂಟು ಅಥವಾ ತೋಳಿನ ಬುಷ್ ಸವೆದಿದೆ. ಬೇರಿಂಗನ್ನು ಬಿಗಿಮಾಡುವುದರಿಂದಲೇ ಸರಿಹೋಗುವ ಗಾಡಿಗೆ ಹೊಸ ಕೀಲುಗಳನ್ನು ಹಾಕಿಸಿದವರು ಕಡಿಮೆಯಿಲ್ಲ. ಇನ್ನು ಚಕ್ರವನ್ನು ಎಡಕ್ಕೂ ಬಲಕ್ಕೂ, ಅಂದರೆ ಗಡಿಯಾರದ ಮೂರು ಮತ್ತು ಒಂಬತ್ತರ ಸ್ಥಾನದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈ ರಾಡ್ ಎಂಡುಗಳನ್ನೂ ಸ್ಟಿಯರಿಂಗಿನ ಕೊಂಡಿಗಳನ್ನೂ ನೋಡಬೇಕು. ಒಬ್ಬನು ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪ ಅತ್ತಿತ್ತ ತಿರುಗಿಸುತ್ತಿರಲು, ಇನ್ನೊಬ್ಬನು ಪ್ರತಿಯೊಂದು ಕೀಲನ್ನೂ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಸಡಿಲವಾದುದು ತಾನಾಗಿಯೇ ಕೈಗೆ ಗೊತ್ತಾಗುವುದು.

ಬುಷ್‌ಗಳನ್ನು ದೀಪದ ಬೆಳಕಿನಲ್ಲಿ ನೋಡಬೇಕು. ರಬ್ಬರು ಬಿರಿದು ನಡುವಣ ಕೊಳವೆಯು ಒಂದು ಕಡೆಗೆ ಕುಸಿದಿದ್ದರೆ ಅದು ಬದಲಾಯಿಸತಕ್ಕದ್ದು. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆಯು ಸೋರಿ ಧೂಳು ಮೆತ್ತಿದ್ದರೆ ಅದೂ ಹಾಗೆಯೇ. ಗಾಡಿಯ ಮೂತಿಯನ್ನು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುವುದೆಂದು ಎಣಿಸುವ ಪರೀಕ್ಷೆಯು ಕಾರಿಗೆ ತಕ್ಕಮಟ್ಟಿಗೆ ಸಲ್ಲುವುದು. ಪಿಕಪ್ಪಿನ ಬಿರುಸಾದ ಸ್ಪ್ರಿಂಗು ಮನುಷ್ಯನ ತೂಕಕ್ಕೆ ಬಗ್ಗುವುದೇ ಅಪರೂಪ.

ಕಮಾನಿನ ಅಚ್ಚಿನ ಗಾಡಿಯಲ್ಲಿ ಜ್ಯಾಕನ್ನು ಅಚ್ಚಿನ ಕೆಳಗೇ ಕೊಟ್ಟು, ಬ್ರೇಕು ಒತ್ತಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್ ಪಿನ್ನಿನ ಸವೆತವು ತಿಳಿಯುವುದು. ಇದಲ್ಲದೆ ಒಂದು ಹಗ್ಗದಿಂದ ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಇರುವ ದೂರವನ್ನು, ಸ್ಟಿಯರಿಂಗನ್ನು ನೇರವಾಗಿಟ್ಟು, ಎರಡು ಕಡೆಯೂ ಅಳೆಯಬೇಕು. ಒಂದು ಕಡೆ ಕಡಿಮೆ ಬಂದರೆ ಕಮಾನಿನ ಸೆಂಟರ್ ಬೋಲ್ಟು ತುಂಡಾಗಿ ಅಚ್ಚು ಜರುಗಿರುವ ಸಂಭವವುಂಟು. ಹಗ್ಗವೊಂದರಿಂದಲೇ ತಿಳಿಯುವ ಈ ದೋಷವನ್ನು ಎಷ್ಟೋ ಗಾಡಿಗಳು ತಿಂಗಳುಗಟ್ಟಲೆ ಹೊತ್ತು ತಿರುಗುವುವು; ಅಂಥ ಗಾಡಿಯು ಹಿಂದಿನಿಂದ ನೋಡುವವರಿಗೆ ನಾಯಿ ಓಡುವಂತೆ ಸ್ವಲ್ಪ ಓರೆಯಾಗಿ ಓಡುತ್ತಿರುವಂತೆ ಕಾಣುವುದು.

ಬದಲಾಯಿಸುವಾಗ ನಿಂತು ನೋಡತಕ್ಕ ಸಂಗತಿಗಳು

ಮಾಲೀಕನು ತಾನೇ ಸ್ಪ್ಯಾನರನ್ನು ಹಿಡಿಯಬೇಕೆಂದಿಲ್ಲ. ಪಕ್ಕದಲ್ಲಿ ನಿಂತು, ಯಾವ ಕೆಲಸವು ಸರಿಯಾಗಿ ನಡೆಯುತ್ತಿದೆ, ಯಾವುದು ಅವಸರದಲ್ಲಿ ಸಾಗುತ್ತಿದೆ ಎಂಬುದನ್ನು ತಿಳಿಯಬಲ್ಲವನಾದರೆ ಸಾಕು.

ಕೆಲಸಕ್ಕೆ ಮುಂಚೆ, ಗಾಡಿಯು ಸಮನೆಲದ ಮೇಲೆ ಖಾಲಿಯಾಗಿ ನಿಂತಿರುವಾಗ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನ ವರೆಗಿನ ಎತ್ತರವನ್ನು ಎರಡು ಕಡೆಯೂ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು. ಟಾರ್ಷನ್ ಬಾರಿನ ಗಾಡಿಯಾದರೆ, ಅದನ್ನು ಬಿಗಿಮಾಡುವ ಬೋಲ್ಟಿನ ದಾರವು ಎಷ್ಟು ಹೊರಗಿದೆ ಎಂಬುದನ್ನೂ ಅಳೆದು, ಸರಳಿಗೂ ಅದರ ಹಿಡಿಗೂ ಸುಣ್ಣದಿಂದ ಅಥವಾ ಬಣ್ಣದಿಂದ ನೇರ ಗುರುತು ಹಾಕಬೇಕು. ಈ ಗುರುತಿಲ್ಲದೆ ಬಿಚ್ಚಿದರೆ ಗಾಡಿಯು ಒಂದು ಕಡೆಗೆ ಕುಂಟುವುದು. ಎಡದ ಸರಳನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಕೂಡದು. ಅವು ತಮ್ಮ ತಮ್ಮ ಕಡೆಗೆ ಹುರಿಗೊಂಡು ಒಗ್ಗಿರುವುವು. ಸರಳಿನ ಮೇಲೆ ಉಳಿಯ ಏಟಾಗಲಿ ಗೀರಾಗಲಿ ಬೀಳದಂತೆ ನೋಡಿಕೊಳ್ಳಬೇಕು. ಸಣ್ಣ ಗೀರಿನಿಂದಲೇ ಬಿರುಕು ಹುಟ್ಟಿ ಒಂದು ದಿನ ಸರಳು ತುಂಡಾಗುವುದು. ಸುರುಳಿ ಸ್ಪ್ರಿಂಗಿನ ಗಾಡಿಯಲ್ಲಿ ಅಪಾಯವು ಇನ್ನೂ ಹೆಚ್ಚು. ಅಮುಕಿ ಹಿಡಿದ ಸ್ಪ್ರಿಂಗಿನಲ್ಲಿ ಅಡಗಿರುವ ಬಲವು ಮನುಷ್ಯನನ್ನು ಕೊಲ್ಲಬಲ್ಲುದು. ಅದನ್ನು ಹಿಡಿಯುವ ತಕ್ಕ ಉಪಕರಣವಿಲ್ಲದ ಅಂಗಡಿಯಲ್ಲಿ ಆ ಕೆಲಸವನ್ನು ಮಾಡಿಸಲೇಬಾರದು. ಹಗ್ಗ ಸರಪಣಿಗಳನ್ನು ಸುತ್ತಿ ಮಾಡುವ ಸಾಹಸವನ್ನು ಮೆಚ್ಚಿ ನೋಡುತ್ತ ನಿಲ್ಲುವುದೂ ತರವಲ್ಲ.

ಬಾಲ್ ಜಾಯಿಂಟಿನ ಕಾಂಡವು ಸ್ಟಬ್ ಆಕ್ಸಲಿನ ಶಂಕುವಿನಾಕಾರದ ರಂಧ್ರದಲ್ಲಿ ಬಿಗಿದು ಕೂತಿರುವುದು. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕಾರು ಸುತ್ತು ಮಾತ್ರ ಸಡಿಲಿಸಿ, ಪುಲ್ಲರನ್ನು ಹಾಕಿ ಬಿಗಿಮಾಡಿ, ರಂಧ್ರದ ಹೊರಮೈಯ ಪಕ್ಕಕ್ಕೆ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟರೆ ಅದು ಬಿಟ್ಟುಕೊಳ್ಳುವುದು. ನಟ್ಟನ್ನು ಉಳಿಸಿಕೊಂಡಿರುವುದೇಕೆಂದರೆ, ಕೀಲು ಬಿಟ್ಟೊಡನೆ ತೋಳು ಹಾರಿ ಬರದಿರಲೆಂದು. ಲೋಯರ್ ಆರ್ಮಿನ ಕೆಳಗೆ ಜ್ಯಾಕು ಇದ್ದೇ ಇರತಕ್ಕದ್ದು. ಗ್ಯಾಸು ಹೊತ್ತಿಸಿ ಕೆಂಪಗೆ ಕಾಯಿಸಿ ಬಿಡಿಸುವ ಪದ್ಧತಿಯು ಕೆಲವು ಕಡೆ ಇದೆ. ಬಡಿದು ಹದಮಾಡಿದ ಉಕ್ಕು ಹೀಗೆ ಕಾದರೆ ತನ್ನ ಹದವನ್ನು ಕಳೆದುಕೊಳ್ಳುವುದು. ಕುಡುಗೋಲನ್ನು ಒಲೆಯಲ್ಲಿಟ್ಟು ಕೆಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿದಾಗ ಅದನ್ನು ರಬ್ಬರು ಹೋಸಿನ ಮೇಲೆ ತೂಗುಬಿಡದೆ ತಂತಿಯಿಂದ ಚಾಸಿಗೆ ಕಟ್ಟಬೇಕು.

ಕೆಲವು ಗಾಡಿಗಳಲ್ಲಿ ಹಳೆಯ ಕೀಲನ್ನು ರಿವೆಟ್ಟುಗಳಿಂದ ಕೂಡಿಸಿರುವರು. ಅವನ್ನು ಕೊರೆದು ತೆಗೆದು, ಹೊಸ ಕೀಲಿನೊಡನೆ ಬರುವ ಗಟ್ಟಿ ಬೋಲ್ಟುಗಳಿಂದಲೇ ಕೂಡಿಸತಕ್ಕದ್ದು. ಅಂಗಡಿಯ ಡಬ್ಬಿಯಲ್ಲಿ ಸಿಕ್ಕಿದ ಬೋಲ್ಟು ಸಲ್ಲದು. ಕೀಲನ್ನು ಒತ್ತಿ ಕೂರಿಸುವ ಬಗೆಯಲ್ಲಿ ಪ್ರೆಸ್ಸು ಅವಶ್ಯಕ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ತೋಳಿನ ರಂಧ್ರವು ಅಂಡಾಕಾರವಾಗಿ ಹೊಸ ಕೀಲೂ ನಿಲ್ಲದು. ಹತ್ತು ವರ್ಷ ಮೀರಿದ ಗಾಡಿಯಲ್ಲಿ ಬುಷ್‌ಗಳೂ ಕೀಲೂ ಕೂಡಿರುವ ಇಡೀ ತೋಳೇ ದೊರಕುವುದಾದರೆ ಅದನ್ನೇ ಕೊಳ್ಳುವುದು ಲೇಸು. ಬೆಲೆಯು ಸ್ವಲ್ಪ ಹೆಚ್ಚೆಂದು ಕಂಡರೂ ಕೂಲಿಯಲ್ಲಿ ಉಳಿಯುವುದು. ತುಕ್ಕು ಹಿಡಿದ ಹಳೆಯ ತೋಳಿನ ಚಿಂತೆಯೂ ತೀರುವುದು.

ಹೊಸ ಕೀಲನ್ನು ಸೇರಿಸುವಾಗ ಕಾಂಡವನ್ನೂ ರಂಧ್ರವನ್ನೂ ಬಟ್ಟೆಯಿಂದ ಒರಸಿ ಒಣಗಿಸಬೇಕು. ಅಲ್ಲಿ ಗ್ರೀಸು ಹಚ್ಚಕೂಡದು. ಶಂಕುವಿನ ಬಿಗಿತವು ಒಣ ಮೈಯ ಹಿಡಿತದಿಂದಲೇ ಉಂಟಾಗುವುದು. ನಟ್ಟನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಮಾಡಿ, ಸ್ಪ್ಲಿಟ್ ಪಿನ್ನಿನ ರಂಧ್ರವು ನೇರಕ್ಕೆ ಬಾರದಿದ್ದರೆ ಮುಂದಿನ ರಂಧ್ರದ ವರೆಗೆ ಇನ್ನೂ ಸ್ವಲ್ಪ ಬಿಗಿಮಾಡತಕ್ಕದ್ದೇ ಹೊರತು ಹಿಂದಕ್ಕೆ ಸಡಿಲಿಸಕೂಡದು. ಸ್ಪ್ಲಿಟ್ ಪಿನ್ನು ಹೊಸದೇ ಇರಬೇಕು. ಅದರ ಬೆಲೆಯು ಒಂದು ಲೋಟ ಚಹದ ಬೆಲೆಗೂ ಕಡಿಮೆ. ಬಂಡಿಯ ಕಡಾಣಿಯ ಕೆಲಸವನ್ನೇ ಇಲ್ಲಿ ಅದು ಮಾಡುವುದು. ಹಳೆಯ ಪಿನ್ನನ್ನು ಬಡಿದು ನೇರಮಾಡಿ ಹಾಕುವುದನ್ನೂ, ಅದರ ಬದಲು ಕಟ್ಟುವ ತಂತಿಯನ್ನು ಸುತ್ತುವುದನ್ನೂ ಕಂಡರೆ ಮಾಲೀಕನು ಕೆಲಸವನ್ನು ನಿಲ್ಲಿಸಿ ಹೇಳಬೇಕು.

ರಬ್ಬರು ಬುಷ್‌ಗಳ ವಿಷಯದಲ್ಲಿ ಒಂದು ಮಾತು ಮುಖ್ಯವಾದುದು. ಹೊಸ ಬುಷ್ ಆರು ತಿಂಗಳಿಗೇ ಹರಿದುಹೋಯಿತೆಂಬ ದೂರಿಗೆ ಅನೇಕ ವೇಳೆ ಇದೇ ಕಾರಣ. ಈ ಬುಷ್ ಬಾಗಿಲ ತಿರುಗಣಿಯಂತೆ ಜಾರಿ ತಿರುಗುವುದಲ್ಲ. ಒಳಗಿನ ಕೊಳವೆಯು ಬೋಲ್ಟಿನಿಂದ ಚಾಸಿಗೆ ಕಚ್ಚಿಕೊಂಡು, ರಬ್ಬರು ಮಾತ್ರ ಅತ್ತಿತ್ತ ತಿರುಚಿಕೊಳ್ಳುವುದು. ಗಾಡಿಯು ಜ್ಯಾಕಿನ ಮೇಲಿದ್ದು ತೋಳು ಕೆಳಕ್ಕೆ ಜೋತುಬಿದ್ದಿರುವಾಗ ಬೋಲ್ಟನ್ನು ಬಿಗಿಮಾಡಿದರೆ, ಗಾಡಿಯು ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡೇ ನಿಲ್ಲುವುದು. ಪ್ರತಿ ಗುಂಡಿಯಲ್ಲಿಯೂ ಅದು ಮಿತಿಮೀರಿ ತಿರುಚಿ ಬೇಗನೆ ಹರಿಯುವುದು. ಆದುದರಿಂದ ಬೋಲ್ಟುಗಳನ್ನು ಮೊದಲು ಸುಮ್ಮನೆ ಸೇರಿಸಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಮೂತಿಯನ್ನು ಎರಡು ಮೂರು ಸಲ ಒತ್ತಿ, ತನ್ನ ಭಾರದಲ್ಲಿ ತಾನು ಕೂತ ಮೇಲೆ ಕಡೆಯ ಬಿಗಿತವನ್ನು ಕೊಡತಕ್ಕದ್ದು. ಇದೊಂದನ್ನು ಮಾತ್ರ ನಿಂತು ನೋಡಿದರೂ ಮಾಲೀಕನ ಆ ದಿನದ ಹೊತ್ತು ವ್ಯರ್ಥವಾಗದು.

ರಬ್ಬರಿಗೆ ಎಣ್ಣೆಯು ವೈರಿ. ಮಳೆಗಾಲಕ್ಕೆ ಮುಂಚೆ ಗಾಡಿಯ ತಳಕ್ಕೆ ಹಳೆಯ ಎಂಜಿನ್ ಎಣ್ಣೆಯನ್ನು ಚಿಮುಕಿಸುವ ಪದ್ಧತಿಯು ತುಕ್ಕನ್ನೇನೋ ತಡೆಯುವುದು. ಬುಷ್‌ಗಳನ್ನೂ ಬೂಟುಗಳನ್ನೂ ಉಬ್ಬಿಸಿ ಮೆದುಮಾಡಿ ಕೆಡಿಸುವುದು. ಕಬ್ಬಿಣಕ್ಕೆ ಮಾತ್ರ ಬ್ರಷ್ಷಿನಿಂದ ಹಚ್ಚಿದರೆ ಆಕ್ಷೇಪವಿಲ್ಲ.

ಒಂದು ಕಡೆಯ ಕೀಲು ಸವೆದಿದ್ದರೆ ಇನ್ನೊಂದು ಕಡೆಯದೂ ಅಷ್ಟೇ ದಾರಿಯನ್ನು ನಡೆದಿರುವುದು. ಆದುದರಿಂದ ಎಡಬಲ ಎರಡನ್ನೂ ಕೂಡಿಯೇ ಬದಲಾಯಿಸುವುದು ಮೇಲು. ಶಾಕ್ ಅಬ್ಸಾರ್ಬರುಗಳನ್ನೂ ಸ್ಪ್ರಿಂಗುಗಳನ್ನೂ ಜೋಡಿಯಾಗಿಯೇ ಹಾಕಬೇಕು. ಕಮಾನಿನ ಗಾಡಿಯಲ್ಲಿ ಕಮಾನನ್ನು ಬದಲಾಯಿಸಿದಾಗ ಯು ಬೋಲ್ಟುಗಳನ್ನೂ ಹೊಸದಾಗಿ ಹಾಕಿ, ಕಿಂಗ್ ಪಿನ್ನನ್ನು ಬದಲಾಯಿಸಿದಾಗ ಬುಷ್‌ಗಳನ್ನು ಪಿನ್ನಿನ ಅಳತೆಗೆ ರೀಮರಿನಿಂದ ತೀಡಿಸತಕ್ಕದ್ದು. ಅಚ್ಚನ್ನು ಎತ್ತಿ ಚಕ್ರದ ಭಾರವನ್ನು ಬಿಡಿಸಿದ ಮೇಲೆ ಗ್ರೀಸು ಹೊಡೆದರೆ ಮಾತ್ರ ಅದು ಸವೆಯುವ ಜಾಗಕ್ಕೆ ಮುಟ್ಟುವುದು.

ಬೆಲೆ ಕಡಿಮೆಯೆಂದು ಗುರುತಿಲ್ಲದ ಕೀಲನ್ನು ಕೊಳ್ಳುವುದೂ, ಸವೆದ ಕೀಲಿನ ಮುಚ್ಚಳವನ್ನು ಬಡಿದು ಅಥವಾ ಬೆಸುಗೆ ಹಾಕಿ ಆಟವನ್ನು ಮುಚ್ಚುವುದೂ ಉಳಿತಾಯವಲ್ಲ. ಸೀಟಿನ ಬಟ್ಟೆಯಲ್ಲಿ, ಬಣ್ಣದಲ್ಲಿ, ಹಾಡಿನ ಪೆಟ್ಟಿಗೆಯಲ್ಲಿ ಎಷ್ಟು ಬೇಕಾದರೂ ಉಳಿಸಬಹುದು.

ಚಕ್ರಗಳ ನೇರ

ಮುಂಭಾಗದ ಯಾವ ಅಂಗವನ್ನು ಬಿಚ್ಚಿದರೂ ಕಡೆಯಲ್ಲಿ ಅಲೈನ್‌ಮೆಂಟ್ ನೋಡಿಸತಕ್ಕದ್ದು. ಟೈ ರಾಡ್ ಎಂಡನ್ನು ತೆಗೆಯುವಾಗ ಎಷ್ಟು ಸುತ್ತಿಗೆ ಹೊರಬಂದಿತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಒಳಹಾಕಿದರೆ ಯಂತ್ರವಿರುವ ಊರಿನ ವರೆಗೆ ನಿಧಾನವಾಗಿ ಹೋಗುವುದಕ್ಕೆ ಸಾಕಾಗುವುದು. ಅದಕ್ಕೂ ಮೇಲೆ ಓಡಿಸಕೂಡದು. ಕಾರಣವನ್ನು ಲೆಕ್ಕದಿಂದಲೇ ನೋಡಬಹುದು. ಟೈರಿನ ಎತ್ತರವು 65 ಸೆಂಟಿಮೀಟರು ಇದ್ದು, ಎರಡು ಚಕ್ರಗಳ ಮುಂದಿನ ಅಂಚುಗಳ ನಡುವಣ ದೂರವು ಹಿಂದಿನ ಅಂಚುಗಳ ನಡುವಣ ದೂರಕ್ಕಿಂತ ಇರಬೇಕಾದುದಕ್ಕೆ 6 ಮಿಲಿಮೀಟರು ಹೆಚ್ಚು ಕಡಿಮೆಯಾಗಿದ್ದರೆ, ಒಂದೊಂದು ಚಕ್ರದ ಪಾಲಿಗೆ 3 ಮಿಲಿಮೀಟರು ಬರುವುದು. 650ಕ್ಕೆ 3ರಂತೆ, ಗಾಡಿಯು ಒಂದು ಕಿಲೋಮೀಟರು ಓಡಿದಾಗ ಪ್ರತಿಯೊಂದು ಮುಂಚಕ್ರವೂ ಸುಮಾರು 4.6 ಮೀಟರು ಅಡ್ಡಕ್ಕೆ ಉಜ್ಜಿದಂತಾಗುವುದು. ನೂರು ಕಿಲೋಮೀಟರಿಗೆ 460 ಮೀಟರು. ಟೈರನ್ನು ಡಾಂಬರಿನ ಮೇಲೆ ಅಷ್ಟು ದೂರ ಅಡ್ಡಲಾಗಿ ಎಳೆದುಕೊಂಡು ಹೋಗುವುದಕ್ಕೆ ಯಾವ ಮಾಲೀಕನೂ ಒಪ್ಪಲಾರನು.

ಊರಿನ ಮುಖ್ಯಸ್ಥರು ಗಮನಿಸತಕ್ಕದ್ದು

ಕೊಯ್ಲಿನ ಕಾಲದಲ್ಲಿ ಈ ಗಾಡಿಗಳು ಮಾಲನ್ನು ಮಾತ್ರ ಹೊರುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಬೆಳಗಿನ ಜಾವದಲ್ಲಿ ಹೆಣ್ಣಾಳುಗಳನ್ನು ಹಿಂದಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೊಲಕ್ಕೆ ಹೋಗುವ ಗಾಡಿಗಳು ಕಾಣಬರುವುವು. ಸರಕಿನ ಗಾಡಿಯಲ್ಲಿ ಹೀಗೆ ಜನರನ್ನು ತುಂಬುವುದು ಮೋಟಾರು ವಾಹನಗಳ ಕಾನೂನಿಗೆ ವಿರೋಧವಾದುದು. ಗಾಡಿಯು ಮಗುಚಿದರೆ ಕೂತವನಿಗೆ ಹಿಡಿಯಲು ಸ್ಟಿಯರಿಂಗಾದರೂ ಇದೆ. ತೊಟ್ಟಿಯಲ್ಲಿ ನಿಂತವರಿಗೆ ಹಿಡಿಯಲು ಏನೂ ಇಲ್ಲ. ಅವರಲ್ಲಿ ಯಾರಿಗೂ ಗಾಡಿಯ ಕೀಲಿನ ಸ್ಥಿತಿಯು ತಿಳಿದಿರುವುದಿಲ್ಲ. ಕೂಲಿಯ ಆಸೆಗೆ ಕೇಳುವುದೂ ಇಲ್ಲ. ತನ್ನ ಊರಿನಿಂದ ಹೀಗೆ ಗಾಡಿ ಹೊರಡದಂತೆ ತಡೆಯುವುದಕ್ಕೆ ಪೊಲೀಸಿನವರು ಬರುವ ವರೆಗೆ ಊರಿನ ಹಿರಿಯರು ಕಾಯಬೇಕಾಗಿಲ್ಲ.

ಎಂಟು ವರ್ಷ ಮೀರಿದ ಸಾಗಣೆಯ ಗಾಡಿಗೆ ಪ್ರತಿ ವರ್ಷವೂ ಯೋಗ್ಯತಾ ಪತ್ರವನ್ನು ಹೊಸದು ಮಾಡಿಸಬೇಕು. ಆದರೆ ಆ ಪತ್ರವು ಪರೀಕ್ಷೆಯ ದಿನದ ಸ್ಥಿತಿಗೆ ಸಾಕ್ಷಿಯೇ ಹೊರತು, ಮುಂದಿನ ಹನ್ನೊಂದು ತಿಂಗಳ ಗುಂಡಿಗಳಿಗೆ ಹೊಣೆಯಲ್ಲ. ಮುಂಗಾರು ಕಳೆದ ಮೇಲೆ ಒಮ್ಮೆ, ಕೊಯ್ಲಿನ ಸಾಗಣೆಗೆ ಮುಂಚೆ ಒಮ್ಮೆ, ಊರಿನ ಗಾಡಿಗಳನ್ನೆಲ್ಲಾ ಒಂದು ಗಟ್ಟಿ ನೆಲದ ಬಯಲಿನಲ್ಲಿ ಸೇರಿಸಿ, ಬಲ್ಲ ಮೇಸ್ತ್ರಿಯೊಬ್ಬನನ್ನು ಒಂದು ದಿನದ ಕೂಲಿಗೆ ಕರೆಸಿ, ಮೇಲೆ ಹೇಳಿದ ಕ್ರಮದಲ್ಲಿ ಜ್ಯಾಕನ್ನು ತೋಳಿನ ಕೆಳಗೇ ಕೊಟ್ಟು ಪರೀಕ್ಷಿಸಿದರೆ ಒಂದು ಗಾಡಿಗೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ಕೂಲಿಯು ಎಲ್ಲರ ಮೇಲೂ ಹಂಚಿಹೋಗುವುದು. ಅಂಗಡಿಯವನಲ್ಲದ ಮೇಸ್ತ್ರಿಯನ್ನು ಕರೆಸುವುದು ಇನ್ನೂ ಮೇಲು. ತಾನು ಮಾರುವ ಸಾಮಾನನ್ನೇ ಸವೆದಿದೆಯೆಂದು ಹೇಳುವ ಆಸೆ ಅವನಿಗೆ ಇರುವುದಿಲ್ಲ.

ಹೊಸ ಅಂಗಗಳನ್ನು ಹಾಕಿದ ಗಾಡಿಯನ್ನು ಮೊದಲ ದಿನ ಖಾಲಿಯಾಗಿ, ಮೆಲ್ಲಗೆ, ಊರಿನ ಸುತ್ತ ಓಡಿಸಿ ನೋಡತಕ್ಕದ್ದು. ನಾಲ್ಕೈದು ನೂರು ಕಿಲೋಮೀಟರು ಓಡಿದ ಮೇಲೆ ಚಕ್ರದ ನಟ್ಟುಗಳನ್ನೂ ಯು ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಮಾಡಿಸಿ, ಸ್ಪ್ಲಿಟ್ ಪಿನ್ನುಗಳು ಇದ್ದಲ್ಲಿಯೇ ಇವೆಯೇ ಎಂದು ನೋಡಿ, ಮೊದಲು ಬರೆದಿಟ್ಟ ಮಡ್‌ಗಾರ್ಡಿನ ಎತ್ತರಕ್ಕೆ ಈಗಿನದು ಸರಿಹೋಗುವುದೇ ಎಂದು ಅಳೆಯಬೇಕು. ಯಾವ ಅಂಗವನ್ನು ಯಾವ ದಿನ, ಎಷ್ಟನೆಯ ಕಿಲೋಮೀಟರಿನಲ್ಲಿ ಹಾಕಿತೆಂಬುದನ್ನು ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಗಾಡಿಯನ್ನು ಮಾರುವ ದಿನ ಬಂದಾಗ ಕೊಳ್ಳುವವನು ಮೊದಲು ಕೇಳಬೇಕಾದುದು ಆ ಪುಟವನ್ನೇ.